ಕಾಡ್ಗಿಚ್ಚು ಮತ್ತು ಅಳಿವಿನಂಚಿನ ಜೀವಿಗಳು: ಬೆಂಗಳೂರಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿಯಿಂದ ಮೇ ತನಕ ನಮ್ಮ ಸುತ್ತಲಿನ ಒಣಕಾಡುಗಳಿಗೆ ಬೆಂಕಿಯ ಕಾಲ. ನಂದಿ ಬೆಟ್ಟದ ಸಾಲು, ಸಾವನದುರ್ಗ, ರಾಮನಗರ, ಬನ್ನೇರುಘಟ್ಟ, ಇನ್ನೂ ದೂರ ಹೋದರೆ ಬಂಡೀಪುರ, ನಾಗರಹೊಳೆ. ಪ್ರತಿ ಬೇಸಿಗೆಯಲ್ಲೂ ಟ್ರೆಕ್ಕಿಂಗ್ ಹೋಗುವವರು, ಹಕ್ಕಿ ನೋಡುವವರು, ಶಾಲೆ ಮಕ್ಕಳು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವಕ್ಕೆ ಉತ್ತರ ಚಿಕ್ಕದು, ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಬೆಂಕಿ ಬಿದ್ದರೆ ಪ್ರಾಣಿಗಳು ಓಡಿಹೋಗುತ್ತವೆ, ಅಲ್ವಾ?

ಓಡಬಲ್ಲವು ಓಡುತ್ತವೆ. ಆನೆ, ಹುಲಿ, ಕಾಟಿ, ಜಿಂಕೆ ಹೊಗೆಯ ವಾಸನೆ ಸಿಕ್ಕ ಕೂಡಲೇ ಜಾಗ ಬಿಡುತ್ತವೆ. ನಮ್ಮ ಒಣಕಾಡಿನ ಬೆಂಕಿ ಸಾಮಾನ್ಯವಾಗಿ ನೆಲದ ಬೆಂಕಿ. ತರಗೆಲೆ, ಒಣಹುಲ್ಲು ಸುಡುತ್ತಾ ಸಾಗುತ್ತದೆ. ಅದರ ಮುಂದೆ ದೊಡ್ಡ ಪ್ರಾಣಿಗೆ ತಪ್ಪಿಸಿಕೊಳ್ಳಲು ದಾರಿ ಇರುತ್ತದೆ.

ಆದರೆ ಕಾಡಿನಲ್ಲಿ ಇರುವುದು ಓಡುವ ಪ್ರಾಣಿಗಳು ಮಾತ್ರ ಅಲ್ಲ. ಆಮೆ ಓಡುವುದಿಲ್ಲ. ಗೂಡಿನಲ್ಲಿರುವ ಮರಿ ಓಡುವುದಿಲ್ಲ. ತರಗೆಲೆಯ ಅಡಿಯಲ್ಲಿ ತಂಪಿಗೆ ಕೂತ ಕಪ್ಪೆಗೆ ಓಡಲು ಜಾಗವೇ ಇಲ್ಲ.

ಹಾಗಾದರೆ ಜಾಸ್ತಿ ಅಪಾಯ ಯಾರಿಗೆ?

ನಿಧಾನವಾಗಿ ಚಲಿಸುವವು, ನೆಲದಲ್ಲೇ ಮೊಟ್ಟೆ ಇಡುವವು, ಒಂದು ಸಣ್ಣ ಜಾಗ ಬಿಟ್ಟು ಬೇರೆಲ್ಲೂ ಬದುಕದವು. ನಕ್ಷತ್ರ ಆಮೆಯನ್ನೇ ನೋಡಿ. ಕಳ್ಳಸಾಗಣೆಯಿಂದಾಗಿ ಅದು ಈಗಾಗಲೇ ಸೊರಗಿದೆ. ಬೇಸಿಗೆಯ ಬಿಸಿಲಿಗೆ ಪೊದೆಯ ಅಡಿಯಲ್ಲಿ, ಹುಲ್ಲಿನ ಬುಡದಲ್ಲಿ ಅಡಗಿ ಕೂರುತ್ತದೆ. ಬೆಂಕಿಗೆ ಮೊದಲು ಸಿಗುವುದೂ ಅದೇ ಪೊದೆ.

ಚಿಪ್ಪುಹಂದಿಯ ಕಥೆ ಬೇರೆ. ಅದು ಬಿಲದೊಳಗಿದ್ದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಮಣ್ಣು ಶಾಖವನ್ನು ಒಳಗೆ ಬಿಡುವುದಿಲ್ಲ, ನೆಲದ ಬೆಂಕಿ ದಾಟಿಹೋದರೆ ಕೆಲವೇ ಅಂಗುಲ ಕೆಳಗೆ ಅಷ್ಟೇನೂ ಬಿಸಿ ಇರುವುದಿಲ್ಲ. ಬಿಲದ ಹೊರಗೆ ಸಿಕ್ಕಿಬಿದ್ದರೆ ಮಾತ್ರ ಕಷ್ಟ. ಹೆದರಿದ ಚಿಪ್ಪುಹಂದಿ ಸುತ್ತಿಕೊಂಡು ಅಲ್ಲೇ ಕೂತುಬಿಡುತ್ತದೆ. ಚಿರತೆ ಎದುರು ಬಂದರೆ ಆ ಉಪಾಯ ಫಲಿಸುತ್ತದೆ, ಬೆಂಕಿಯ ಎದುರು ಫಲಿಸುವುದಿಲ್ಲ. ತುಮಕೂರು ಕಡೆಯ ಕಾಡುಪಾಪದ್ದೂ ಇದೇ ಪಾಡು. ಹಗಲಿಡೀ ದಟ್ಟ ಪೊದೆಯಲ್ಲಿ ಮುದುಡಿ ಮಲಗುತ್ತದೆ, ಅಪಾಯ ಬಂದರೆ ಅಲುಗಾಡದೆ ಇರುತ್ತದೆ.

ಬೆಂಕಿ ಯಾವ ತಿಂಗಳಲ್ಲಿ ಬಿತ್ತು ಅನ್ನುವುದು ಅಷ್ಟು ಮುಖ್ಯವಾ?

ತುಂಬಾ ಮುಖ್ಯ. ನನ್ನ ಪ್ರಕಾರ ಎಷ್ಟು ಎಕರೆ ಸುಟ್ಟಿತು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ದಾಂಡೇಲಿ ಕಡೆಯ ಮಂಗಟ್ಟೆ ಹಕ್ಕಿಯನ್ನು ತೆಗೆದುಕೊಳ್ಳಿ. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಹೋಗಿ, ಪೊಟರೆಯ ಬಾಯಿಯನ್ನು ಹಿಕ್ಕೆ, ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಒಂದು ಸಣ್ಣ ಸೀಳು. ಅದರ ಮೂಲಕ ಗಂಡು ಹಣ್ಣು ತಂದು ಕೊಡುತ್ತದೆ. ಒಳಗಿರುವಾಗ ಹೆಣ್ಣಿನ ರೆಕ್ಕೆ ಪುಕ್ಕ ಉದುರಿ ಹೊಸದು ಬರುತ್ತಿರುತ್ತದೆ, ಹಾರಲು ಆಗುವುದಿಲ್ಲ. ಇದೆಲ್ಲ ನಡೆಯುವುದು ಬೇಸಿಗೆಯಲ್ಲಿ, ಸರಿಯಾಗಿ ಬೆಂಕಿಯ ಕಾಲದಲ್ಲಿ. ಇಂಥ ಪೊಟರೆ ಇರುವ ಹಳೆಯ ಮರದ ಬುಡಕ್ಕೆ ಬೆಂಕಿ ತಗುಲಿದರೆ, ಟೊಳ್ಳಾದ ಕಾಂಡ ಒಲೆಯ ಹೊಗೆಗೂಡಿನ ಹಾಗೆ ಗಾಳಿ ಎಳೆದುಕೊಂಡು ಒಳಗಿಂದಲೇ ಉರಿಯುತ್ತದೆ.

ಸೀಳುನಾಯಿಗಳೂ ಅಳಿವಿನಂಚಿನ ಪಟ್ಟಿಯಲ್ಲಿವೆ. ಅವು ಚಳಿಗಾಲದಿಂದ ಬೇಸಿಗೆಯ ಮೊದಲ ಭಾಗದವರೆಗೆ ಮರಿ ಹಾಕುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಮರಿಗಳು ಗುಹೆಯ ಹತ್ತಿರವೇ ಇರುತ್ತವೆ. ದೊಡ್ಡ ನಾಯಿಗಳು ಓಡಬಲ್ಲವು, ಸಣ್ಣ ಮರಿಗಳನ್ನು ಅಷ್ಟು ಬೇಗ ಸಾಗಿಸುವುದು ಸುಲಭವಲ್ಲ. ಡಿಸೆಂಬರ್ ಕೊನೆಯಲ್ಲಿ ಹುಲ್ಲು ಇನ್ನೂ ಸ್ವಲ್ಪ ಹಸಿ ಇರುವಾಗ ಹೊತ್ತಿದ ಬೆಂಕಿಗೂ, ಮಾರ್ಚ್‌ನ ಒಣಗಾಳಿಯಲ್ಲಿ ಹೊತ್ತಿದ ಬೆಂಕಿಗೂ ಅಜಗಜಾಂತರ.

ಬೆಂಗಳೂರಿನ ಹತ್ತಿರ ಅಂಥ ಅಪರೂಪದ ಜೀವಿಗಳು ಇವೆಯಾ?

ಇವೆ. ಇದು ಬಹಳ ಜನಕ್ಕೆ ಗೊತ್ತಿಲ್ಲ ಅನ್ನುವುದೇ ನನಗೆ ಬೇಸರ. ಹುಲಿ, ಆನೆ ಅಂದರೆ ಎಲ್ಲರೂ ಕಿವಿ ನಿಮಿರಿಸುತ್ತಾರೆ. ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋಗುವವರಲ್ಲಿ ಎಷ್ಟು ಜನಕ್ಕೆ ಹಳದಿ ಕೊರಳಿನ ಪಿಕಳಾರ ಗೊತ್ತು? ದಕ್ಷಿಣ ಭಾರತದ ಬಂಡೆ ಬೆಟ್ಟಗಳನ್ನು ಬಿಟ್ಟು ಇಡೀ ಪ್ರಪಂಚದಲ್ಲಿ ಎಲ್ಲೂ ಇಲ್ಲದ ಹಕ್ಕಿ ಅದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರುವ ಹಕ್ಕಿಗಳ ಸಾಲಿಗೆ ಸೇರಿದೆ. ಅದಕ್ಕೆ ಬೇಕಾದದ್ದು ಬಂಡೆಗಳ ನಡುವಿನ ಪೊದೆಕಾಡು. ನಾವು 'ಕುರುಚಲು' ಎಂದು ಕಡೆಗಣಿಸುವ ಜಾಗ. ಕಲ್ಲು ಗಣಿಗಾರಿಕೆ ಈಗಾಗಲೇ ಆ ಬೆಟ್ಟಗಳನ್ನು ತಿನ್ನುತ್ತಿದೆ. ಉಳಿದ ಬೆಟ್ಟದ ಪೊದೆ ಪ್ರತಿ ಬೇಸಿಗೆ ಸುಟ್ಟರೆ ಆ ಹಕ್ಕಿ ಹೋಗುವುದಾದರೂ ಎಲ್ಲಿಗೆ? ಪಕ್ಕದ ಬೆಟ್ಟಕ್ಕೂ ಇದಕ್ಕೂ ನಡುವೆ ಈಗ ಬಡಾವಣೆ, ರಸ್ತೆ ಬಂದಿವೆ.

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಎಂದು ಘೋಷಿಸಿದರು. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್. ಅಲ್ಲಿ ಬೆರಳೆಣಿಕೆಯ ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಯ ಚಾಚುಗಳ ಮೇಲೆ ಗೂಡು ಕಟ್ಟುತ್ತವೆ. ಜೋಡಿಯೊಂದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧದಿಂದ ದೇಶದ ಬಹುಪಾಲು ರಣಹದ್ದುಗಳು ಸತ್ತವು. 2006ರಲ್ಲಿ ಪಶುಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿದರು. ಹಾಗೆ ಉಳಿದ ಕೆಲವೇ ಜೋಡಿಗಳ ಗೂಡಿನ ಕೆಳಗೆ ಹುಲ್ಲು ಹೊತ್ತಿ ಉರಿದರೆ, ಜ್ವಾಲೆ ಮುಟ್ಟದಿದ್ದರೂ ಹೊಗೆ ಮತ್ತು ಶಾಖ ಬಂಡೆ ಏರಿ ಬರುತ್ತವೆ. ಹಕ್ಕಿ ಗೂಡು ಬಿಟ್ಟು ಎದ್ದರೆ ಆ ವರ್ಷದ ಒಂದೇ ಮರಿ ಬಿಸಿಲಿಗೆ ಸಿಕ್ಕಂತೆ.

ಬನ್ನೇರುಘಟ್ಟದಲ್ಲಿ ಆನೆಗಳಿವೆ. ಅವು ಬೆಂಕಿಯಲ್ಲಿ ಸಾಯುವುದು ಅಪರೂಪ. ಆದರೆ ಮೇವು ಸುಟ್ಟ ಕಾಡಿನಿಂದ ಹೊರಬಂದರೆ ಸಿಗುವುದು ಆನೇಕಲ್, ಹಾರೋಹಳ್ಳಿ ಕಡೆಯ ತೋಟ, ಹೊಲ. ಅಲ್ಲಿಂದ ಮುಂದಿನದು ನಿಮಗೆ ಗೊತ್ತೇ ಇದೆ. ರೈತನಿಗೂ ನಷ್ಟ, ಆನೆಗೂ ಅಪಾಯ.

2019ರ ಬಂಡೀಪುರದ ಬೆಂಕಿಯಲ್ಲಿ ಹುಲಿಗಳು ಸತ್ತವಾ?

ಹುಲಿ, ಆನೆ ಸತ್ತ ವರದಿ ಬರಲಿಲ್ಲ. ಆ ವರ್ಷ ಫೆಬ್ರವರಿ ಕೊನೆಯ ವಾರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ 10,000 ಎಕರೆಗೂ ಜಾಸ್ತಿ ಕಾಡು ಸುಟ್ಟಿತು. ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ಆಕಾಶದಿಂದ ನೀರು ಸುರಿದವು. ಹಾವು, ಆಮೆ, ಓತಿ, ನೆಲದ ಗೂಡುಗಳ ಲೆಕ್ಕವನ್ನು ಯಾರೂ ಹಿಡಿಯಲಾಗುವುದಿಲ್ಲ. ಬೂದಿಯಲ್ಲಿ ಅವುಗಳ ಗುರುತೂ ಉಳಿಯುವುದಿಲ್ಲ. 'ಪ್ರಾಣಿ ಸತ್ತಿಲ್ಲ' ಎಂಬ ಸುದ್ದಿ ಓದಿದಾಗ ಅದು ದೊಡ್ಡ ಪ್ರಾಣಿಗಳ ಮಾತು ಅಂತ ನೆನಪಿಡಿ.

ಆಗ ವಾಟ್ಸ್ಆಪ್‌ನಲ್ಲಿ ಸುಟ್ಟ ಪ್ರಾಣಿಗಳ ಫೋಟೋ ಬಂದಿದ್ದವಲ್ಲ?

ಅವುಗಳಲ್ಲಿ ಹಲವು ಬೇರೆ ಊರಿನ, ಬೇರೆ ದೇಶದ ಹಳೆಯ ಫೋಟೋಗಳು. ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಹಗಲು ರಾತ್ರಿ ಬೆಂಕಿ ಆರಿಸುತ್ತಿರುವ ಸಿಬ್ಬಂದಿ ಆಮೇಲೆ ವದಂತಿಗೂ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ.

ಬೆಂಕಿ ಆರಿದ ಮೇಲೆ ಎಲ್ಲ ಸರಿಹೋಗುತ್ತದಾ?

ಅಪರೂಪದ ಜೀವಿಗಳಿಗೆ ನಿಜವಾದ ಪರೀಕ್ಷೆ ಶುರುವಾಗುವುದೇ ಆಗ. ಜ್ವಾಲೆ ದಾಟಿಹೋಗಲು ಕೆಲವು ನಿಮಿಷ ಸಾಕು. ನಂತರದ ಹಸಿವು ಮಳೆ ಬರುವ ತನಕ ಇರುತ್ತದೆ.

ಮೊದಲನೆಯದು, ಮರೆ ಹೋಗುತ್ತದೆ. ಬೆಂಕಿ ಕಂಡ ಕೂಡಲೇ ಕಾಜಾಣ, ನೀಲಕಂಠ, ಹದ್ದುಗಳು ಅಂಚಿಗೆ ಬಂದು ಕಾಯುತ್ತವೆ. ಹೊರಬರುವ ಮಿಡತೆ, ಓತಿಗಳನ್ನು ಹಿಡಿಯುತ್ತವೆ. ಬರಿಯ ಕಪ್ಪು ನೆಲದ ಮೇಲೆ ಉಳಿದ ಸಣ್ಣ ಪ್ರಾಣಿ ದೂರದಿಂದಲೇ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ಕಾಡುಬಿದ್ದ ಬೆಕ್ಕುಗಳು ಹೊಸದಾಗಿ ಸುಟ್ಟ ಜಾಗ ಹುಡುಕಿಕೊಂಡು ಹಲವು ಕಿಲೋಮೀಟರ್ ನಡೆದು ಬರುವುದನ್ನು ಸಂಶೋಧಕರು ಕಾಲರ್ ಕಟ್ಟಿ ಗುರುತಿಸಿದ್ದಾರೆ. ನಮ್ಮಲ್ಲಿ ಕಾಡಂಚಿನ ಊರಿನ ನಾಯಿಗಳು ಆ ಕೆಲಸ ಮಾಡುತ್ತವೆ.

ಎರಡನೆಯದು, ಮನೆ ಹೋಗುತ್ತದೆ. ಒಂದು ಮರದಲ್ಲಿ ಮಂಗಟ್ಟೆ ಕೂರುವಷ್ಟು ದೊಡ್ಡ ಪೊಟರೆ ಆಗಲು ಎಷ್ಟೋ ದಶಕ ಬೇಕು. ಹುಲ್ಲು ಜೂನ್‌ನಲ್ಲಿ ಚಿಗುರುತ್ತದೆ, ಪೊಟರೆ ಚಿಗುರುವುದಿಲ್ಲ.

ಇನ್ನು ನೀರು. ಮುಂಗಾರಿನ ಮೊದಲ ಜೋರು ಮಳೆಗೆ ಬೂದಿ, ಸಡಿಲ ಮಣ್ಣು ತೊಳೆದುಕೊಂಡು ಹೋಗಿ ಹಳ್ಳ ಸೇರುತ್ತದೆ. ಪಶ್ಚಿಮ ಘಟ್ಟದ ಎಷ್ಟೋ ಕಪ್ಪೆಗಳು ಒಂದೆರಡು ಬೆಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಅವುಗಳಲ್ಲಿ ಹಲವು ಮೊಟ್ಟೆ ಇಡುವುದೂ ಅದೇ ಮಳೆಗೆ, ಅದೇ ಹಳ್ಳದಲ್ಲಿ.

ಹೊಸ ಹುಲ್ಲು ಬರುತ್ತದೆ, ಜಿಂಕೆಗೆ ಒಳ್ಳೆಯದೇ ಅಲ್ವಾ?

ಸ್ವಲ್ಪ ಕಾಲ ಹೌದು. ಸುಟ್ಟ ಜಾಗದ ಎಳೆ ಹುಲ್ಲಿಗೆ ಜಿಂಕೆ, ಕಾಟಿ ಬಂದೇ ಬರುತ್ತವೆ. ದನ ಮೇಯಿಸುವವರು ಬೆಂಕಿ ಹಾಕುವುದೂ ಅದಕ್ಕೇ. ಆದರೆ ವರ್ಷ ವರ್ಷ ಸುಟ್ಟರೆ ಸಸಿಗಳು ಮೊಣಕಾಲೆತ್ತರ ದಾಟುವುದಿಲ್ಲ. ಹಳೆಯ ಮರ ಸತ್ತಾಗ ಅದರ ಜಾಗಕ್ಕೆ ಬರಲು ಎಳೆಯ ಮರ ಇರುವುದಿಲ್ಲ. ಆ ಖಾಲಿ ಜಾಗಕ್ಕೆ ಬರುವುದು ಲಂಟಾನ ಎಂಬ ಕಳೆಪೊದೆ.

ಲಂಟಾನಕ್ಕೂ ಬೆಂಕಿಗೂ ಏನು ಸಂಬಂಧ?

ಬಹಳ ಗಟ್ಟಿ ಸಂಬಂಧ. ಅಮೆರಿಕ ಖಂಡದ ಈ ಗಿಡವನ್ನು 1800ರ ದಶಕದ ಶುರುವಿನಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಬನ್ನೇರುಘಟ್ಟ ಎಲ್ಲೆಡೆ ಹಬ್ಬಿದೆ. ಬೇಸಿಗೆಯಲ್ಲಿ ಒಣಗಿ ನಿಂತ ಲಂಟಾನ ಪೊದೆ ಆಳೆತ್ತರಕ್ಕೂ ಮೀರಿ ಇರುತ್ತದೆ. ತರಗೆಲೆಯ ಬೆಂಕಿ ಅದನ್ನು ಹಿಡಿದು ಮೇಲೇರಿ ಮರದ ಕೊಂಬೆ ಮುಟ್ಟುತ್ತದೆ. ಸುಟ್ಟ ಮೇಲೂ ಅದರ ಬೇರು ಸಾಯುವುದಿಲ್ಲ. ಮಳೆ ಬಿದ್ದ ಕೂಡಲೇ ಎಲ್ಲರಿಗಿಂತ ಮೊದಲು ಅದೇ ಚಿಗುರುತ್ತದೆ. ಹುಲ್ಲು ಸೋಲುತ್ತದೆ, ಹುಲ್ಲು ತಿನ್ನುವ ಪ್ರಾಣಿ ಸೋಲುತ್ತದೆ, ಅದನ್ನು ನಂಬಿದ ಹುಲಿ, ಸೀಳುನಾಯಿಗೂ ಕಷ್ಟ.

ಸೋಲಿಗರು ಹಿಂದೆ ಕಾಡಿಗೆ ಬೆಂಕಿ ಹಾಕುತ್ತಿದ್ದರಂತೆ. ಅದು ತಪ್ಪಲ್ವಾ?

ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಬಿಳಿಗಿರಿರಂಗನ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರಲ್ಲಿ 'ತರಗು ಬೆಂಕಿ' ಎಂಬ ರೂಢಿ ಇತ್ತು. ಬೇಸಿಗೆ ಬಿರುಸಾಗುವ ಮೊದಲೇ, ತರಗೆಲೆ ತೆಳುವಾಗಿ ಬಿದ್ದಾಗ, ತುಣುಕು ತುಣುಕಾಗಿ ಸುಡುತ್ತಿದ್ದರು. ಉರಿ ಸಣ್ಣದು, ಬೇಗ ಆರುವಂಥದ್ದು. ಅದರಿಂದ ನೆಲದ ಮೇಲೆ ಉರುವಲು ಗುಡ್ಡೆ ಬೀಳುತ್ತಿರಲಿಲ್ಲ. ಲಂಟಾನ ತಲೆ ಎತ್ತುತ್ತಿರಲಿಲ್ಲ, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತುವುದೂ ಕಡಿಮೆ ಇತ್ತು ಎಂದು ಅವರು ಹೇಳುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು. ಆಮೇಲಿನ ದಶಕಗಳಲ್ಲಿ ಲಂಟಾನ ಬೆಟ್ಟವನ್ನು ಆವರಿಸಿತು. ಬೆಂಗಳೂರಿನ ಏಟ್ರೀ ಎಂಬ ಪರಿಸರ ಅಧ್ಯಯನ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆ ಸೇರಿ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. 2011ರಲ್ಲಿ ಸೋಲಿಗರಿಗೆ ಅಲ್ಲಿ ಸಮುದಾಯ ಅರಣ್ಯ ಹಕ್ಕು, ಅಂದರೆ ಊರವರು ಒಟ್ಟಾಗಿ ಕಾಡನ್ನು ಬಳಸುವ, ಕಾಪಾಡುವ ಹಕ್ಕು ಸಿಕ್ಕಿತು. ಕಾಡಿನ ಬಗ್ಗೆ ತೀರ್ಮಾನ ಮಾಡುವ ಮೇಜಿನ ಮುಂದೆ ಅವರಿಗೆ ಕುರ್ಚಿ ಸಿಗಲೇಬೇಕು ಎನ್ನುವುದು ನನ್ನ ದೃಢ ಅಭಿಪ್ರಾಯ.

ಆದರೆ ಒಂದು ಎಚ್ಚರಿಕೆ. ಇವತ್ತು ಲಂಟಾನ ಕಿಕ್ಕಿರಿದ ಕಾಡಿಗೆ ಹೋಗಿ ಹಳೆಯ ರೂಢಿ ಅಂತ ಬೆಂಕಿ ಹಾಕಿದರೆ ಅದು ತರಗು ಬೆಂಕಿ ಆಗುವುದಿಲ್ಲ. ಮೊದಲು ಲಂಟಾನ ಕಿತ್ತು ಉರುವಲು ಇಳಿಸಬೇಕು.

ಮಲೆನಾಡಿನ ಹಸಿರು ಕಾಡಿಗೂ ಬೆಂಕಿ ಬೀಳುತ್ತದಾ?

ಬೀಳುತ್ತದೆ, ಅಲ್ಲಿ ಹಾನಿ ಇನ್ನೂ ಆಳ. ಒಣಕಾಡಿನ ಮತ್ತಿ, ಹೊನ್ನೆಗೆ ದಪ್ಪ ತೊಗಟೆ ಇದೆ. ನಿತ್ಯಹರಿದ್ವರ್ಣ ಕಾಡಿನ ಮರಗಳ ತೊಗಟೆ ತೆಳು, ಸಣ್ಣ ಉರಿಗೂ ಸಾಯುತ್ತವೆ. ಶರಾವತಿ ಕೊಳ್ಳದ ಸಿಂಗಳೀಕ ಮರದಿಂದ ಮರಕ್ಕೆ ಹೋಗುತ್ತಾ ಮೇಲೆಯೇ ಬದುಕುವ ಪ್ರಾಣಿ. ಚಪ್ಪರದಂಥ ಕೊಂಬೆಗಳಲ್ಲಿ ತೂತು ಬಿದ್ದರೆ ಅದು ನೆಲಕ್ಕೆ ಇಳಿಯಬೇಕು, ರಸ್ತೆ ದಾಟಬೇಕು. ಕುದುರೆಮುಖ, ಬಾಬಾಬುಡನ್‌ಗಿರಿಯಲ್ಲಿ ಹುಲ್ಲುಗಾವಲು ಬೆಂಕಿ ತಡೆದುಕೊಳ್ಳುತ್ತದೆ. ಪಕ್ಕದ ಕಣಿವೆಗಳ ಹಸಿರು ಕಾಡಾದ ಶೋಲಾದ ಅಂಚು ಮಾತ್ರ ಪ್ರತಿ ಸಲ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತದೆ.

ಒಂದೇ ಬೆಂಕಿಗೆ ಇಡೀ ಜೀವಿ ಪ್ರಭೇದವೇ ಅಳಿದುಹೋಗಬಹುದಾ?

ಅದು ಇರುವ ಜಾಗ ಚಿಕ್ಕದಾಗಿದ್ದರೆ ಹತ್ತಿರ ಹತ್ತಿರ ಹೋಗಬಹುದು. ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಿ ಡನ್ನಾರ್ಟ್ ಎಂಬ ಇಲಿಯಷ್ಟು ಚಿಕ್ಕ ಹೊಟ್ಟೆಚೀಲದ ಪ್ರಾಣಿಯ ಒಂದು ಪ್ರಭೇದ ಇದೆ. ಬೇರೆಲ್ಲೂ ಇಲ್ಲ. 2019-20ರ ಬೆಂಕಿಯಲ್ಲಿ ಅದರ ನೆಲೆಯ ಬಹುಪಾಲು ಸುಟ್ಟಿತು. ಉಳಿದ ಕೆಲವನ್ನು ಬೆಕ್ಕುಗಳಿಂದ ಕಾಪಾಡಲು ಸುಡದೇ ಉಳಿದ ತುಣುಕು ಕಾಡಿಗೆ ಬೇಲಿ ಹಾಕಿದರು. ಅದು ಉಳಿಯಲು ಇದೂ ನೆರವಾಯಿತು. ಆ ಬೇಸಿಗೆಯ ಬೆಂಕಿಯಿಂದ ಆಸ್ಟ್ರೇಲಿಯಾದಲ್ಲಿ ಸುಮಾರು 300 ಕೋಟಿ ಪ್ರಾಣಿಗಳು ಸತ್ತವು ಅಥವಾ ನೆಲೆ ಕಳೆದುಕೊಂಡವು ಎಂಬ ಅಂದಾಜಿದೆ. ಅದರಲ್ಲಿ ಬಹುಪಾಲು ಹಲ್ಲಿ, ಹಾವುಗಳ ಜಾತಿಯವು. 2022ರಲ್ಲಿ ಆ ದೇಶದ ಪೂರ್ವ ಭಾಗದ ಕೋಲಾಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ಬ್ರೆಜಿಲ್‌ನ ಪಾಂಟನಾಲ್ ಜೌಗು ಪ್ರದೇಶದಲ್ಲಿ 2020ರ ಬೆಂಕಿಗೆ ಸುಮಾರು 1.7 ಕೋಟಿ ಬೆನ್ನೆಲುಬಿರುವ ಪ್ರಾಣಿಗಳು ಸತ್ತವು ಎಂದು ಸಂಶೋಧಕರು ಅಂದಾಜು ಮಾಡಿದರು. ಅವರು ಸುಟ್ಟ ನೆಲದಲ್ಲಿ ನಡೆದು ಕಳೇಬರಗಳನ್ನು ಎಣಿಸಿ ಆ ಲೆಕ್ಕ ಹಾಕಿದರು. ಅಂಥ ಎಣಿಕೆ ನಮ್ಮ ಕಾಡುಗಳಲ್ಲೂ ಆಗಬೇಕು.

ಬೆಂಕಿ ಇಲ್ಲದಿದ್ದರೇ ಕಷ್ಟ ಅನ್ನುವ ಜೀವಿಗಳೂ ಇವೆಯಂತೆ?

ಇವೆ. ಅಮೆರಿಕದ ಮಿಷಿಗನ್‌ನಲ್ಲಿ ಕರ್ಟ್‌ಲ್ಯಾಂಡ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಎಳೆಯ ಜ್ಯಾಕ್ ಪೈನ್ ಗಿಡಗಳ ಬುಡದಲ್ಲಿ ಮಾತ್ರ ಗೂಡು ಕಟ್ಟುತ್ತದೆ. ಆ ಪೈನ್‌ನ ಕಾಯಿ ಬಿರಿಯಲು ಬೆಂಕಿಯ ಶಾಖ ಬೇಕು. ಬೆಂಕಿಯನ್ನು ಪೂರ್ತಿ ತಡೆದಾಗ ಹಕ್ಕಿ ಅಳಿವಿನ ಅಂಚಿಗೆ ಬಂತು. ಎಳೆಯ ಕಾಡನ್ನು ಬೇಕೆಂದೇ ಬೆಳೆಸಿದ ಮೇಲೆ ಚೇತರಿಸಿಕೊಂಡು 2019ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು.

ನಮ್ಮ ದೇಶದಲ್ಲಿ ಅಸ್ಸಾಮಿನ ಮಾನಸ್ ಹುಲ್ಲುಗಾವಲಿನ ಕುಬ್ಜ ಹಂದಿಯ ಸಂಗತಿ ಇದಕ್ಕೆ ಉಲ್ಟಾ. ಅದು ಎತ್ತರದ ಹುಲ್ಲಿನೊಳಗೆ ಹುಲ್ಲಿನಿಂದಲೇ ಗೂಡು ಮಾಡಿಕೊಂಡು ಬದುಕುತ್ತದೆ. ಒಣಗಾಲದಲ್ಲಿ ಹುಲ್ಲು ಸುಟ್ಟರೆ ಅದಕ್ಕೆ ಮರೆಯೂ ಇಲ್ಲ, ಮನೆಯೂ ಇಲ್ಲ. ಹಾಗಾಗಿ ಬೆಂಕಿ ಒಳ್ಳೆಯದಾ ಕೆಟ್ಟದ್ದಾ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕಾಡು, ಯಾವ ತಿಂಗಳು, ಎಷ್ಟು ವರ್ಷಕ್ಕೊಮ್ಮೆ ಎಂದು ಕೇಳಬೇಕು. ಬೆಂಕಿಯ ಕ್ರಮ ಬದಲಾದದ್ದರಿಂದ ಜಗತ್ತಿನಲ್ಲಿ 4,400ಕ್ಕೂ ಹೆಚ್ಚು ಪ್ರಭೇದಗಳು ಅಪಾಯದಲ್ಲಿವೆ ಎಂದು 2020ರ ಒಂದು ಅಧ್ಯಯನ ಲೆಕ್ಕ ಹಾಕಿತು.

ಬೆಂಕಿ ತಾನಾಗಿಯೇ ಹೊತ್ತುತ್ತದಾ? ಬಿದಿರು ಉಜ್ಜಿ?

ಬಿದಿರಿನ ಮಾತು ಕೇಳಲು ಚೆನ್ನಾಗಿದೆ, ಅಷ್ಟೇ. ನಮ್ಮಲ್ಲಿ ಸಿಡಿಲು ಬರುವುದು ಹೆಚ್ಚಾಗಿ ಮಳೆಯ ಜೊತೆ. ಭಾರತದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಆಗುವಂಥವು. ದನದ ಮೇವಿಗೆ, ಜೇನು ಬಿಡಿಸಲು ಹಾಕಿದ ಹೊಗೆ, ಹೊಲದ ಕಸಕ್ಕೆ ಇಟ್ಟ ಕಿಡಿ, ಎಸೆದ ಬೀಡಿ, ಸಿಗರೇಟು, ಇಲಾಖೆಯ ಮೇಲಿನ ಸಿಟ್ಟು. ಕಾಡಂಚಿನ ಜನರನ್ನೇ ಬೈದು ಕೂರುವುದು ಸರಿಯಲ್ಲ. ಬೆಂಕಿ ಆರಿಸಲು ಮೊದಲು ಓಡುವವರೂ ಅವರೇ. ಫೈರ್ ವಾಚರ್‌ಗಳಾಗಿ ದುಡಿಯುವವರಲ್ಲಿ ಬಹಳ ಮಂದಿ ಅಲ್ಲಿನ ಹಾಡಿ, ಹಳ್ಳಿಗಳವರು. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಬೆಂಕಿ ಆರಿಸುತ್ತಾರೆ. 2017ರಲ್ಲಿ ಬಂಡೀಪುರದ ಬೆಂಕಿಯಲ್ಲಿ ಒಬ್ಬ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು.

ಉಪಗ್ರಹ ಇದೆಯಲ್ಲ, ಮೊದಲೇ ಗೊತ್ತಾಗಲ್ವಾ?

ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣೆ ಉಪಗ್ರಹದಿಂದ ಬೆಂಕಿ ಗುರುತಿಸಿ ಆಯಾ ಬೀಟ್‌ನ (ಒಬ್ಬ ಕಾವಲುಗಾರನ ಹೊಣೆಯ ಕಾಡಿನ ಭಾಗ) ಸಿಬ್ಬಂದಿಯ ಫೋನಿಗೆ ಸಂದೇಶ ಕಳಿಸುತ್ತದೆ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ಮೇಲೆ ಹಾದುಹೋಗುತ್ತದೆ. ನಡುವಿನ ಹೊತ್ತಿನಲ್ಲಿ ಹೊತ್ತಿದ ಸಣ್ಣ ಬೆಂಕಿ ತಪ್ಪಿಹೋಗಬಹುದು. ಬೆಟ್ಟದ ಮೇಲೆ ಕೂತು ನೋಡುವ ಕಾವಲುಗಾರನ ಕಣ್ಣು ಇನ್ನೂ ಬೇಕೇ ಬೇಕು.

ಸುಟ್ಟ ಜಾಗದಲ್ಲಿ ನಾವು ಗಿಡ ನೆಡಬಹುದಾ? ಬೀಜದುಂಡೆ ಎಸೆಯಬಹುದಾ?

ಬೇಡ. ಒಳ್ಳೆಯ ಮನಸ್ಸಿನಿಂದ ಕೇಳುತ್ತೀರಿ, ಗೊತ್ತು. ಆದರೆ ಒಣಕಾಡಿನ ಹೆಚ್ಚಿನ ಮರಗಳು ಬುಡದಿಂದ, ಬೇರಿನಿಂದ ತಾವೇ ಚಿಗುರುತ್ತವೆ. ಅವಕ್ಕೆ ಬೇಕಾದದ್ದು ಮುಂದಿನ ಕೆಲವು ವರ್ಷ ಬೆಂಕಿ, ದನ ತಾಗದ ನೆಮ್ಮದಿ. ಹೊರಗಿನ ಬೀಜ ಹಾಕಿದರೆ ಅಲ್ಲಿನದಲ್ಲದ ಗಿಡ ಬರುತ್ತದೆ. ಹೆಸರಘಟ್ಟದಂಥ ಹುಲ್ಲುಗಾವಲಿನಲ್ಲಿ ಮರ ನೆಡುವುದಂತೂ ಅಲ್ಲಿನ ಹಕ್ಕಿಗಳ ಮನೆಯನ್ನೇ ಕಿತ್ತುಕೊಂಡಂತೆ. ಚಳಿಗಾಲದಲ್ಲಿ ದೂರದ ದೇಶಗಳಿಂದ ಬರುವ ಸೆಳೆವಗಳು (ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು) ಮಲಗುವುದು ಆ ಹುಲ್ಲಿನ ನೆಲದ ಮೇಲೆಯೇ.

ಗಾಯಗೊಂಡ ಪ್ರಾಣಿ ಸಿಕ್ಕರೆ ಏನು ಮಾಡಬೇಕು?

ಅರಣ್ಯ ಇಲಾಖೆಗೆ ತಿಳಿಸಿ. ಹಕ್ಕಿ ಅಥವಾ ಸಣ್ಣ ಪ್ರಾಣಿಯಾದರೆ, ಸಿಬ್ಬಂದಿ ಹೇಳಿದರೆ ಮಾತ್ರ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗಿ ಸಾಯಬಹುದು. ಆಸ್ಟ್ರೇಲಿಯಾದಲ್ಲಿ ಬಾಟಲಿಯಿಂದ ಕೋಲಾಗಳಿಗೆ ನೀರು ಕುಡಿಸುವ ವಿಡಿಯೋಗಳು ಹರಿದಾಡಿದಾಗ ಪಶುವೈದ್ಯರು ಇದನ್ನೇ ಎಚ್ಚರಿಸಿದರು. ಸುಟ್ಟ ಗಾಯಕ್ಕೆ ಎಣ್ಣೆ, ಅರಿಶಿನ, ಮುಲಾಮು ಏನೂ ಹಚ್ಚಬೇಡಿ. ಸಾಕಿಕೊಳ್ಳೋಣ ಎಂದು ಮನೆಗೆ ತರುವುದು ಕಾನೂನಿನ ಪ್ರಕಾರ ಅಪರಾಧ.

ಬೆಂಕಿ ಆರಿಸಲು ಬೆಂಗಳೂರಿನಿಂದ ನಾವೂ ಹೋಗಬಹುದಾ?

ಸುದ್ದಿ ನೋಡಿ ಗಾಡಿ ಹತ್ತಿ ಹೊರಡಬೇಡಿ. ಗಾಳಿ ತಿರುಗಿದರೆ ಇಳಿಜಾರಿನಲ್ಲಿ ಬೆಂಕಿ ಮನುಷ್ಯನಿಗಿಂತ ವೇಗವಾಗಿ ಮೇಲೇರುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಟ್ರೆಕ್ಕಿಂಗ್ ಹೋದ 20ಕ್ಕೂ ಹೆಚ್ಚು ಜನ ಕಾಡ್ಗಿಚ್ಚಿಗೆ ಸಿಕ್ಕಿ ಸತ್ತರು. ಸಹಾಯ ಮಾಡಲೇಬೇಕು ಅನಿಸಿದರೆ ಡಿಸೆಂಬರ್, ಜನವರಿಯಲ್ಲಿ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು, ತರಗೆಲೆ ತೆಗೆದ ಪಟ್ಟಿ) ಮಾಡುವಾಗ ಇಲಾಖೆಯ ಅನುಮತಿ ಪಡೆದು ಕೈಜೋಡಿಸಿ. ಲಂಟಾನ ಕೀಳುವ ಕೆಲಸಕ್ಕೆ ಹೋಗಿ. ಫೈರ್ ವಾಚರ್‌ಗಳಿಗೆ ಒಳ್ಳೆಯ ಶೂ, ನೀರಿನ ಬಾಟಲಿ, ಟಾರ್ಚ್ ಬೇಕಾಗುತ್ತದೆ. ಅರಣ್ಯ ಇಲಾಖೆಯ ರೇಂಜ್ (ವಲಯ) ಕಚೇರಿಯಲ್ಲಿ ಕೇಳಿ ಕೊಡಿಸಿ.

ಬೆಟ್ಟಕ್ಕೆ ಹೋದಾಗ ಹೊಗೆ ಕಂಡರೆ?

ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಸಿಗದಿದ್ದರೆ 112. ಬೆಟ್ಟದ ಹೆಸರು, ಹತ್ತಿರದ ಹಳ್ಳಿ, ಯಾವ ದಿಕ್ಕಿಗೆ ಗಾಳಿ ಇದೆ ಹೇಳಿ. ಫೋನಿನಲ್ಲಿ ಲೊಕೇಶನ್ ತೆಗೆದಿಟ್ಟುಕೊಳ್ಳಿ. ಬೆಂಕಿ ಇರುವ ಕಡೆಯಿಂದ ಮೇಲಕ್ಕೆ ಹತ್ತಬೇಡಿ. ಪಕ್ಕಕ್ಕೆ ಸರಿದು ಬರಿಯ ಬಂಡೆ, ರಸ್ತೆ ಅಥವಾ ಆಗಲೇ ಸುಟ್ಟು ತಣ್ಣಗಾದ ಜಾಗ ಸೇರಿಕೊಳ್ಳಿ. ಸುರಕ್ಷಿತ ಜಾಗ ಸೇರಿದ ಮೇಲೆ ಇನ್ನೊಮ್ಮೆ ಫೋನ್ ಮಾಡಿ, ಮೊದಲ ಕರೆ ಸರಿಯಾದ ರೇಂಜ್‌ಗೆ ಮುಟ್ಟಿದೆಯಾ ಎಂದು ಕೇಳಿಕೊಳ್ಳಿ.